ಮನೆತನದ ಪಿಟೀಲು: ಪರೀಕ್ಷೆ, ಬೆಲೆ ಮತ್ತು ವಿಕ್ರಯ

ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ಹಿರಿಯರೊಬ್ಬರು ಕಳೆದ ಮಳೆಗಾಲದ ಒಂದು ಭಾನುವಾರ ಹಳೆಯ ಪಿಟೀಲಿನ ಪೆಟ್ಟಿಗೆಯೊಂದನ್ನು ಹೊದಿಕೆಯಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅದು ಅವರ ತಾಯಿಯ ತಂದೆಯವರ ವಾದ್ಯ. ಆ ಮುದುಕರು ಮೈಸೂರು ಸೀಮೆಯಲ್ಲಿ ಉಪಾಧ್ಯಾಯರಾಗಿದ್ದು, ಸಂಜೆಯ ಹೊತ್ತು ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ. ತಾಯಿ ತೀರಿಕೊಂಡ ಮೇಲೆ ಅಟ್ಟದಿಂದ ಪೆಟ್ಟಿಗೆ ಇಳಿಯಿತು.

"ರಾಯರೆ, ನೀವು ಪಿಟೀಲು ಹಿಡಿದು ಅಭ್ಯಾಸವಿದ್ದವರು. ಇದರೊಳಗೆ ಒಂದು ಚೀಟಿ ಇದೆ. ಅದನ್ನು ಓದಿದ ದಿನದಿಂದ ನಮ್ಮಣ್ಣ ನನ್ನೊಡನೆ ಮಾತು ಬಿಟ್ಟಿದ್ದಾರೆ. ನೀವು ನೋಡಿ ಒಂದು ಮಾತು ಹೇಳಿಬಿಡಿ" ಎಂದರು.

ಚೀಟಿಯನ್ನು ನೋಡುವ ಮೊದಲೇ ಅದರಲ್ಲಿ ಏನಿರುತ್ತದೆಂದು ನನಗೆ ಗೊತ್ತಿತ್ತು. ಲ್ಯಾಟಿನ್ ಭಾಷೆಯಲ್ಲಿ "ಅಂಟೋನಿಯುಸ್ ಸ್ಟ್ರಾಡಿವಾರಿಯುಸ್ ಕ್ರೆಮೊನೆನ್ಸಿಸ್ ಫಾಸಿಯೆಬಾಟ್ ಆನ್ನೊ 1721". ಕ್ರೆಮೋನಾ ಊರಿನ ಅಂಟೋನಿಯೊ ಸ್ಟ್ರಾಡಿವಾರಿ 1721ನೆಯ ಇಸವಿಯಲ್ಲಿ ಮಾಡಿದನು ಎಂದು ಅರ್ಥ. ಅಣ್ಣನವರು ಇದನ್ನು ಓದಿಕೊಂಡು, ಆ ವರ್ಷದ ಪಿಟೀಲಿನ ಬೆಲೆಯೇನೆಂದು ವಿಚಾರಿಸಿದ್ದಾರೆ. ಉತ್ತರವೂ ಸಿಕ್ಕಿದೆ. "ಲೇಡಿ ಬ್ಲಂಟ್" ಎಂಬ ಹೆಸರಿನ 1721ರ ಸ್ಟ್ರಾಡಿವಾರಿ ಪಿಟೀಲು 2011ರಲ್ಲಿ ಹರಾಜಾಗಿ ಒಂದು ಕೋಟಿ 59 ಲಕ್ಷ ಡಾಲರಿಗೆ ಹೋಯಿತು. ಆ ಹಣವು ಜಪಾನಿನ ಭೂಕಂಪ ಸಂತ್ರಸ್ತರ ಸಹಾಯಕ್ಕೆ ವಿನಿಯೋಗವಾಯಿತು. ಸುದ್ದಿ ನಿಜ, ವರ್ಷವೂ ಒಂದೇ. ಇಷ್ಟಾದ ಮೇಲೆ ಅಣ್ಣತಮ್ಮಂದಿರ ನಡುವೆ ವಕೀಲರು ಬರುವುದಕ್ಕೆ ಎಷ್ಟು ಹೊತ್ತು ಬೇಕು?

ಇಂಥ ಚೀಟಿಯುಳ್ಳ ಪಿಟೀಲುಗಳು ನಮ್ಮ ಜನರ ಮನೆಗಳಲ್ಲಿ ಇನ್ನೂ ಬಹಳ ಇರಬೇಕು. ಕರ್ನಾಟಕ ಸಂಗೀತಕ್ಕೆ ಪಿಟೀಲು ಬಂದು ಇನ್ನೂರು ವರ್ಷಗಳಾದುವು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿಯನ್ ವಾದಕರಿಂದ ಅದನ್ನು ಕಲಿತರೆಂಬುದು ಪ್ರಸಿದ್ಧವಾದ ಸಂಗತಿ. ಇಲ್ಲಿ ಮುಂಬಯಿಯಲ್ಲಿ ಚಿತ್ರಸಂಗೀತದ ವಾದ್ಯವೃಂದಗಳಿಗಾಗಿ ಗೋವೆಯ ವಾದಕರು ತಂದ ಪಿಟೀಲುಗಳೂ ಆ ವೃಂದಗಳು ಸಣ್ಣವಾದ ಮೇಲೆ ಕೈಯಿಂದ ಕೈಗೆ ಬಿದ್ದು ಎಲ್ಲೆಲ್ಲೋ ಸೇರಿವೆ. ಆದುದರಿಂದ, ಇಂಥದೊಂದು ವಾದ್ಯ ಪಾಲಿಗೆ ಬಂದವರು ಅದನ್ನು ಹೇಗೆ ನೋಡಬೇಕು, ಏನನ್ನು ನಂಬಬಾರದು, ಮಾರುವುದೇ ಆದರೆ ಹೇಗೆ ಮಾರಬೇಕು ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಮೊದಲು ಆ ಚೀಟಿಯ ಮಾತು. ಸ್ಟ್ರಾಡಿವಾರಿಯು ಇಟಲಿಯ ಕ್ರೆಮೋನಾದಲ್ಲಿ ತೊಂಬತ್ತರ ಮೇಲಿನ ವಯಸ್ಸಿನವರೆಗೂ ಕೆಲಸಮಾಡಿ 1737ರಲ್ಲಿ ತೀರಿಕೊಂಡನು. ಅವನ ವಾದ್ಯಗಳಲ್ಲಿ ಈಗ ಉಳಿದಿರುವುವು ಎಲ್ಲಾ ಬಗೆಯವೂ ಸೇರಿ ಸುಮಾರು 650. ಅವು ಎಲ್ಲಿವೆ, ಯಾರಿಂದ ಯಾರಿಗೆ ಬಂದುವು ಎಂಬ ವಂಶಾವಳಿಯನ್ನು ವ್ಯಾಪಾರಿಗಳೂ ವಿದ್ವಾಂಸರೂ ತಲೆಮಾರುಗಳಿಂದ ಬರೆದಿಟ್ಟಿದ್ದಾರೆ. ಅವನ ಹೆಸರಿನ ಚೀಟಿಯಾದರೋ ಲಕ್ಷಗಟ್ಟಲೆ ಪಿಟೀಲುಗಳಲ್ಲಿದೆ. ಇದೇಕೆ ಹೀಗೆ?

ಹತ್ತೊಂಬತ್ತನೆಯ ಶತಮಾನದಲ್ಲಿ ಪಿಟೀಲು ಮಾಡುವುದು ಕೆಲವು ಊರುಗಳ ಗುಡಿಕೈಗಾರಿಕೆಯಾಯಿತು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನೊಯ್‌ಕಿರ್ಖನ್, ಅದರ ಪಕ್ಕದ ಗಡಿಯಾಚೆ ಬೊಹೀಮಿಯದ ಷೋನ್‌ಬಾಖ್, ಬವೇರಿಯದ ಮಿಟನ್‌ವಾಲ್ಡ್, ಫ್ರಾನ್ಸಿನ ಮಿರೆಕೂರ್ ಇವೇ ಮುಖ್ಯವಾದುವು. ಸ್ಯಾಕ್ಸನಿಯಲ್ಲಿ ಒಂದು ಮನೆಯವರು ತಲೆಯ ಸುರುಳಿಯನ್ನೇ ಕೆತ್ತುವರು, ಇನ್ನೊಂದು ಮನೆಯವರು ಹಲಗೆಯನ್ನೇ ತೋಡುವರು, ಮತ್ತೊಬ್ಬರು ಬರಿಯ ಕಮಾನು. ಇವನ್ನೆಲ್ಲ ಸಗಟಿನಲ್ಲಿ ಕೊಂಡು ಜೋಡಿಸಿ, ವಾರ್ನಿಷು ಬಳಿದು, ಪ್ರಪಂಚಕ್ಕೆಲ್ಲ ಕಳುಹಿಸುವವನು ವರ್ತಕ. ನಮ್ಮ ಕಡೆ ಒಬ್ಬ ನೂಲು ಹಾಸಿ, ಒಬ್ಬ ಬಣ್ಣ ಕಟ್ಟಿ, ಒಬ್ಬ ನೇಯ್ದ ಸೀರೆ ಸಾಹುಕಾರನ ಹೆಸರಿನಲ್ಲಿ ಪೇಟೆಗೆ ಹೋಗುವುದಿಲ್ಲವೆ, ಹಾಗೆ. ಸ್ಟ್ರಾಡಿವಾರಿಯ ಅಳತೆಯನ್ನು ಅನುಸರಿಸಿ ಮಾಡಿದ ವಾದ್ಯಕ್ಕೆ ಆ ಮಾದರಿಯ ಗುರುತಾಗಿ ಅವನ ಚೀಟಿಯನ್ನು ಅಂಟಿಸುತ್ತಿದ್ದರು. ಅಮೆರಿಕದ ಸಿಯರ್ಸ್ ರೋಬಕ್ಕಿನ ಅಂಚೆ ಮಾರಾಟದ ಸೂಚೀಪುಸ್ತಕದಲ್ಲಿ "ಸ್ಟ್ರಾಡಿವಾರಿಯುಸ್ ಮಾದರಿ" ಎಂದು ಹೆಸರಿಟ್ಟು, ಕೆಲವೇ ಡಾಲರಿಗೆ ಮಾರಾಟಕ್ಕೆ ಇಟ್ಟಿದ್ದರು. ಕೊಳ್ಳುವವನಿಗೂ ಅದು ಗೊತ್ತಿತ್ತು. ಮೋಸ ಹುಟ್ಟಿದ್ದು ಮೂರನೆಯ ತಲೆಮಾರಿನಲ್ಲಿ, ರಶೀದಿ ಕಳೆದುಹೋಗಿ ಚೀಟಿ ಮಾತ್ರ ಉಳಿದಾಗ.

ಸ್ಟ್ರಾಡಿವಾರಿಯಂತೆಯೇ ಅಮಾಟಿ, ಗ್ವಾರ್ನೇರಿ, ಮಜ್ಜೀನಿ, ಟಿರೋಲಿನ ಯಾಕೋಬ್ ಸ್ಟೈನರ್ ಇವರ ಹೆಸರುಗಳೂ ಬಳಕೆಯಾಗಿವೆ. ಸ್ಟೈನರನ ಹೆಸರನ್ನು ಎಷ್ಟೋ ವೇಳೆ ಹಿಂಬದಿಯ ಹಲಗೆಯ ಮೇಲೆ ಕುತ್ತಿಗೆಯ ಬುಡದಲ್ಲಿ ಮುದ್ರೆಯೊತ್ತಿರುತ್ತಾರೆ. ಅದನ್ನು ಕಂಡು ಹಿಗ್ಗಬೇಕಾದುದಿಲ್ಲ.

ಚೀಟಿಯಲ್ಲಿ ಉಪಯೋಗಕ್ಕೆ ಬರುವ ಮಾತು ಒಂದುಂಟು, ಅದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ದೇಶದ ಹೆಸರು. 1887ರಲ್ಲಿ ಬ್ರಿಟಿಷರೂ 1890ರಲ್ಲಿ ಅಮೆರಿಕದವರೂ ಮಾಡಿದ ಕಾನೂನುಗಳ ತರುವಾಯ ಪರದೇಶದ ಮಾಲಿನ ಮೇಲೆ ಅದು ಹುಟ್ಟಿದ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಹಾಕುವ ರೂಢಿ ಬಂತು. ಚೀಟಿಯಲ್ಲಿ "ಜರ್ಮನಿ" ಎಂದು ಇಂಗ್ಲಿಷಿನಲ್ಲಿದ್ದರೆ ಆ ಪಿಟೀಲು ಹೆಚ್ಚುಕಡಮೆ ಆ ಕಾಲದಿಂದೀಚಿನದು. "ಚೆಕೊಸ್ಲೊವಾಕಿಯ" ಎಂದಿದ್ದರೆ 1918ರ ನಂತರದ್ದೇ ಸರಿ, ಏಕೆಂದರೆ ಅದಕ್ಕೆ ಮೊದಲು ಆ ರಾಜ್ಯವೇ ಇರಲಿಲ್ಲ. ಆದರೆ ದೇಶದ ಹೆಸರಿಲ್ಲದ ಮಾತ್ರಕ್ಕೆ ವಾದ್ಯವು ಹಳೆಯದೆಂದು ತಿಳಿಯಲಾಗದು.

ಚೀಟಿಯನ್ನು ಬಿಟ್ಟು ಈಗ ಮರಕ್ಕೆ ಬರೋಣ. ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ಕುಳಿತು ನೋಡಬೇಕು.

ಒಳ್ಳೆಯ ಪಿಟೀಲಿನ ಮೇಲ್ಹಲಗೆ ಸ್ಪ್ರೂಸ್ ಮರದ್ದು, ನೆಟ್ಟನೆಯ ಸಣ್ಣ ಗೆರೆಗಳು ಉದ್ದಕ್ಕೂ ಓಡುತ್ತವೆ. ಹಿಂಬದಿ, ಪಕ್ಕದ ಪಟ್ಟಿ, ಕುತ್ತಿಗೆ ಮತ್ತು ಸುರುಳಿ ಮೇಪಲ್ ಮರದವು; ವಾದ್ಯವನ್ನು ಓರೆಮಾಡಿದಾಗ ಹುಲಿಯ ಮೈಯ ಪಟ್ಟೆಯಂತೆ ಹೊಳಪು ಕದಲುತ್ತದೆ. ಅಗ್ಗದ ವಾದ್ಯಗಳಲ್ಲಿ ಈ ಪಟ್ಟೆಯನ್ನು ಬಣ್ಣದಿಂದ ಬರೆದಿರುವುದೂ ಉಂಟು. ಓರೆಮಾಡಿದರೂ ಅದು ಕದಲುವುದಿಲ್ಲ. ಅಂಚಿನ ಸುತ್ತ ಎರಡು ಕರಿಯ ಗೆರೆ, ನಡುವೆ ಒಂದು ಬಿಳಿಯ ಗೆರೆ ಕಾಣುತ್ತದಷ್ಟೆ. ಅದು ಅಲಂಕಾರ ಮಾತ್ರವಲ್ಲ, ಅಂಚಿನಿಂದ ಹೊರಟ ಬಿರುಕು ಒಳಗೆ ಹರಿಯದಂತೆ ತಡೆಯುವ ಉಪಾಯ: ತೆಳ್ಳಗಿನ ಮೂರು ಮರದ ಎಳೆಗಳನ್ನು ಕೊರೆದ ಕಾಲುವೆಯಲ್ಲಿ ಕೂರಿಸಿರುತ್ತಾರೆ. ಶಾಯಿಯಿಂದ ಎಳೆದ ಗೆರೆಯಾದರೆ ವಾದ್ಯವು ತೀರ ಸಾಮಾನ್ಯ ತರಗತಿಯದು. ಭೂತಗನ್ನಡಿ ಇದ್ದರೆ ಒಂದು ಕ್ಷಣದಲ್ಲಿ ತಿಳಿಯುತ್ತದೆ.

ಸುರುಳಿಯನ್ನು ಹಿಂದಿನಿಂದ ನೋಡಿ. ಬೆನ್ನಿನ ಮೇಲೆ ಎರಡು ತೋಡುಗಳು ಇಳಿದುಬಂದು, ಸುತ್ತು ಹಾಕಿ, ಮುಂದೆ ಗಂಟಲಿನ ಕೆಳಗೆ ಕೊನೆಯವರೆಗೂ ಹೋಗಬೇಕು. ಕೂಲಿಗೆ ಕೆತ್ತಿದವನು ಕಣ್ಣಿಗೆ ಕಾಣುವಷ್ಟು ದೂರ ಕೆತ್ತಿ, ಕಾಣದ ಕಡೆ ನಿಲ್ಲಿಸಿಬಿಡುತ್ತಾನೆ. ನನ್ನ ಮಟ್ಟಿಗೆ ಹೇಳುವುದಾದರೆ, ಕುಶಲನಾದ ಕರ್ಮಿಯೇ ಸರಸರನೆ ಕೈಮುಗಿಸಿದವನೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಹೊರಗಡೆ ಬೇರೆ ಇಲ್ಲ.

ಇನ್ನು ಬಿರಡೆಗಳ ಗೂಡಿನ ಪಕ್ಕದಲ್ಲಿ, ಕುತ್ತಿಗೆಗೆ ಅದು ಸೇರುವ ಕಡೆ, ಬೆಸುಗೆಯ ಗೆರೆ ಇದೆಯೇ ನೋಡಬೇಕು. ಹದಿನೆಂಟನೆಯ ಶತಮಾನದ ಪಿಟೀಲುಗಳಿಗೆ ಕುತ್ತಿಗೆ ಗಿಡ್ಡವಾಗಿತ್ತು. ಆಮೇಲೆ ವಾದ್ಯದ ದನಿ ಏರಬೇಕಾಗಿ ಬಂದಾಗ ಹಳೆಯ ಸುರುಳಿಯನ್ನು ಉಳಿಸಿಕೊಂಡು ಹೊಸ ಉದ್ದನೆಯ ಕುತ್ತಿಗೆಯನ್ನು ಕಸಿಮಾಡಿದರು. ಆದುದರಿಂದ 1721ರ ನಿಜವಾದ ಪಿಟೀಲಿನಲ್ಲಿ ಆ ಕಸಿಯ ಗೆರೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಸಂಶಯಪಡಬೇಕು; ಇದ್ದರೂ ಸಂಶಯಪಡಬೇಕು, ಏಕೆಂದರೆ ಹಳೆಯದೆಂದು ತೋರಿಸಲು ಅದನ್ನೂ ನಕಲುಮಾಡಿದವರಿದ್ದಾರೆ.

ಒಳಗಡೆಯ ಸಾಕ್ಷಿ ಇನ್ನೂ ಬಲವಾದದ್ದು. ಎಫ್ ಅಕ್ಷರದ ಆಕಾರದ ರಂಧ್ರದಿಂದ ಸಣ್ಣ ದೀಪದ ಬೆಳಕು ಬಿಟ್ಟು, ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯಿಂದ ಮೇಲ್ಹಲಗೆಯ ಒಳಮೈಯನ್ನು ನೋಡಬಹುದು. ಮಂದ್ರದ ತಂತಿಯ ಅಡಿಯಲ್ಲಿ ಉದ್ದನೆಯ ಒಂದು ದಿಮ್ಮಿಯಿರುತ್ತದೆ. ಒಳ್ಳೆಯ ಕೆಲಸದಲ್ಲಿ ಅದನ್ನು ಬೇರೆ ಮರದಿಂದ ಮಾಡಿ ಅಂಟಿಸಿರುತ್ತಾರೆ. ಅವಸರದ ಸ್ಯಾಕ್ಸನಿ ಕೆಲಸದಲ್ಲಿ ಹಲಗೆಯನ್ನು ತೋಡುವಾಗಲೇ ಅಷ್ಟು ಮರವನ್ನು ಉಳಿಸಿಕೊಂಡು ಅದನ್ನೇ ದಿಮ್ಮಿಯೆನಿಸಿರುತ್ತಾರೆ. ಹಾಗೆಯೇ ನಾಲ್ಕು ಮೂಲೆಗಳ ಒಳಗೆ ಆಧಾರದ ಮರದ ತುಂಡುಗಳು ಇರಬೇಕು. ಅವರಲ್ಲಿ ಅವು ಇರುವುದಿಲ್ಲ, ಅಥವಾ ಕಾಣಲೆಂದು ತೆಳುವಾದ ಚೂರೊಂದನ್ನು ಅಡ್ಡ ಅಂಟಿಸಿರುತ್ತಾರೆ.

ಇಷ್ಟೆಲ್ಲ ನೋಡಿಯೂ ತೀರ್ಮಾನ ನಮ್ಮದಲ್ಲ. ನಾವು ಮಾಡಬಹುದಾದುದು ಇದು ಪರೀಕ್ಷಕರಿಗೆ ತೋರಿಸತಕ್ಕ ವಾದ್ಯವೇ ಅಲ್ಲವೇ ಎಂದು ತಿಳಿಯುವುದಷ್ಟೆ. ದೊಡ್ಡ ವಾದ್ಯಗಳ ವಿಷಯದಲ್ಲಿ ಮೇಲ್ಹಲಗೆಯ ವಾರ್ಷಿಕ ಗೆರೆಗಳನ್ನು ಅಳೆದು, ಮರವು ಯಾವ ವರ್ಷದವರೆಗೆ ಬೆಳೆದಿತ್ತೆಂದು ಲೆಕ್ಕಹಾಕುವ ಶಾಸ್ತ್ರವೂ ಈಗ ಇದೆ. ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿರುವ "ಮೆಸ್ಸಾಯ" ಎಂಬ 1716ರ ಸ್ಟ್ರಾಡಿವಾರಿಯ ಬಗ್ಗೆ ದೊಡ್ಡ ವಿವಾದ ಎದ್ದಾಗ ಈ ಗೆರೆಗಳೇ ಸಾಕ್ಷಿ ನುಡಿದುವು. ಆದರೆ ಅದರಿಂದ ತಿಳಿಯುವುದು ಮರವನ್ನು ಯಾವ ವರ್ಷಕ್ಕಿಂತ ಮೊದಲು ಕಡಿದಿರಲಾರರು ಎಂಬಷ್ಟೇ. ಯಾರು ಮಾಡಿದರೆಂದು ಮರ ಹೇಳುವುದಿಲ್ಲ.

ಈಗ ಒಂದು ಕೈಮುಗಿದು ಹೇಳುವ ಮಾತು: ದಯವಿಟ್ಟು ಅದನ್ನು ತೊಳೆಯಬೇಡಿ. ನಮ್ಮ ಮನೆಗಳ ಪಿಟೀಲುಗಳಿಗೆ ವರ್ಷವರ್ಷವೂ ಆಯುಧಪೂಜೆ ನಡೆದಿರುತ್ತದೆ. ಗಂಧ, ಕುಂಕುಮ, ಅರಿಸಿನ ವಾರ್ನಿಷಿನೊಳಗೆ ಇಳಿದಿರುತ್ತವೆ. ಕುದುರೆಯ ಕೆಳಗೆ ರಾಳದ ಪುಡಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಮಾರುವ ಮೊದಲು ಹೊಳಪು ಬರಲೆಂದು ಸ್ಪಿರಿಟಿನಿಂದ ಒರೆಸಿದರೆ ಹಳೆಯ ವಾರ್ನಿಷೇ ಕರಗಿ ಬಟ್ಟೆಗೆ ಬರುತ್ತದೆ. ಬಡಗಿಯ ಹತ್ತಿರ ಹೊಸ ಪಾಲಿಷು ಹಾಕಿಸಿದರಂತೂ ಬೆಲೆಯ ಬಹುಭಾಗ ಅಲ್ಲಿಗೇ ಹೋಯಿತು. ಬಿಟ್ಟುಕೊಂಡ ಅಂಚನ್ನು ಎಪಾಕ್ಸಿಯಿಂದಲೋ ಬಿಳಿಯ ಅಂಟಿನಿಂದಲೋ ಹಚ್ಚಬೇಡಿ. ಪಿಟೀಲು ಮಾಡುವವರು ಬಳಸುವುದು ಮರವಜ್ರವನ್ನು, ಎಂದರೆ ಪ್ರಾಣಿಗಳ ಚರ್ಮದಿಂದ ಕಾಯಿಸಿ ತೆಗೆದ ಅಂಟನ್ನು. ಮುಂದೆ ರಿಪೇರಿಗೆ ಬಿಚ್ಚಬೇಕಾದಾಗ ಅದು ಬಿಟ್ಟುಕೊಳ್ಳುತ್ತದೆ. ಇವು ಬಿಡುವುದಿಲ್ಲ, ಬಲವಂತಮಾಡಿದರೆ ಮರವೇ ಸೀಳುತ್ತದೆ. ಹಳೆಯ ತಂತಿಗಳನ್ನೆಲ್ಲ ಒಮ್ಮೆಗೇ ಬಿಚ್ಚಲೂ ಬೇಡಿ. ಒಳಗೆ ನಿಂತಿರುವ ಸಣ್ಣ ಕಡ್ಡಿ, ಸೌಂಡ್ ಪೋಸ್ಟ್ ಎನ್ನುವುದು, ತಂತಿಗಳ ಒತ್ತಡದಿಂದಲೇ ನಿಂತಿರುವುದು. ಅದು ಬಿದ್ದರೆ ಮತ್ತೆ ನಿಲ್ಲಿಸಲು ಬಲ್ಲವರೇ ಬೇಕು.

ಕಮಾನಿನ ವಿಷಯವನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಇಲ್ಲಿ ನಾನೇ ಕೈಸುಟ್ಟುಕೊಂಡವನು. ನನ್ನ ಸೋದರಮಾವನವರ ಪಿಟೀಲನ್ನು ಹಲವು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿಗೆ ಮಾರಿದಾಗ, ಅವನು ಪಿಟೀಲಿನ ಬೆಲೆಯನ್ನು ಅರ್ಧ ಗಂಟೆ ಚೌಕಾಸಿ ಮಾಡಿ, ಕೊನೆಗೆ "ಈ ಕಡ್ಡಿಗೆ ಕೂದಲೇ ಇಲ್ಲ, ಜೊತೆಗೆ ಇರಲಿ ಬಿಡಿ" ಎಂದು ಕಮಾನನ್ನು ಪೆಟ್ಟಿಗೆಯಲ್ಲೇ ಉಳಿಸಿಕೊಂಡನು. ಅದರ ಹಿಡಿಯ ಮೇಲೆ ಸಣ್ಣ ಮುದ್ರೆಯಿದ್ದುದು ನನಗೆ ನೆನಪಿದೆ, ಓದಿರಲಿಲ್ಲ. ಅದು ಏನೂ ಅಲ್ಲದಿದ್ದಿರಬಹುದು. ಆದರೆ ಅವನು ಪಿಟೀಲಿಗಿಂತ ಹೆಚ್ಚಾಗಿ ಅದನ್ನೇ ನೋಡಿದ್ದನೆಂಬುದು ಆಮೇಲೆ ಹೊಳೆಯಿತು.

ಕಮಾನಿನ ಕೂದಲು ಕುದುರೆಯ ಬಾಲದ್ದು, ಹೊಸದಾಗಿ ಹಾಕಿಸಬಹುದು, ಬೆಲೆಯಿರುವುದು ಕಡ್ಡಿಗೆ. ಬ್ರೆಜಿಲಿನ ಪೆರ್ನಂಬುಕೊ ಮರದಿಂದ ಒಳ್ಳೆಯ ಫ್ರೆಂಚ್ ಕರ್ಮಿ ಮಾಡಿದ ಕಮಾನು ತಾನು ಇರುವ ಪೆಟ್ಟಿಗೆಯ ಪಿಟೀಲಿಗಿಂತ ಹಲವು ಪಟ್ಟು ಬೆಲೆಬಾಳುವುದು ಅಪರೂಪವಲ್ಲ. ಇಲ್ಲಿಯೂ ಮುದ್ರೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕಮಾನಿಗೆ ಈಗಿನ ರೂಪ ಕೊಟ್ಟ ಪ್ಯಾರಿಸ್ಸಿನ ಫ್ರಾನ್ಸುವಾ ಟೂರ್ಟ್, 1835ರಲ್ಲಿ ತೀರಿಕೊಂಡವನು, ತನ್ನ ಕಮಾನಿಗೆ ಮುದ್ರೆ ಒತ್ತಿದ್ದೇ ಅಪೂರ್ವ. "ಟೂರ್ಟ್" ಮುದ್ರೆಯ ಜರ್ಮನ್ ಕಮಾನುಗಳು ಮಾತ್ರ ಬೇಕಾದಷ್ಟಿವೆ. ಕಮಾನಿನ ತುದಿಯ ಬಿಳಿಯ ತುಂಡು ದಂತದ್ದಾಗಿದ್ದರೆ ಇನ್ನೊಂದು ತೊಡಕು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಮತ್ತು ಅದರ ತಿದ್ದುಪಡಿಗಳ ಪ್ರಕಾರ ನಮ್ಮ ದೇಶದಲ್ಲಿ ದಂತದ ವ್ಯಾಪಾರ ನಿಷಿದ್ಧ. ಮೂಳೆಯೋ ದಂತವೋ ಎಂಬುದನ್ನು ಬಲ್ಲವರಿಂದ ತಿಳಿಯದೆ ಮಾರಾಟಕ್ಕೆ ಇಡಬೇಡಿ.

ಬೆಲೆ ಎಂದರೆ ಒಂದಲ್ಲ, ಮೂರು. ವಿಮೆಗಾಗಿ ಬರೆದುಕೊಡುವ ಬೆಲೆ ಎಲ್ಲಕ್ಕಿಂತ ಮೇಲಿನದು. ಕಳೆದುಹೋದರೆ ಅಂಗಡಿಯಲ್ಲಿ ಅಂಥದೇ ಕೊಳ್ಳಲು ಎಷ್ಟಾಗುವುದೋ ಅಷ್ಟು. ಹರಾಜಿನ ಬೆಲೆ ಅದಕ್ಕಿಂತ ಕಡಮೆ, ಅದರಲ್ಲಿಯೂ ಹರಾಜಿನವರ ದಲ್ಲಾಳಿ ಕಳೆಯಬೇಕು. ವ್ಯಾಪಾರಿ ಕೈಯಲ್ಲಿ ಕೊಡುವ ನಗದು ಇನ್ನೂ ಕೆಳಗಿನದು. ರಿಪೇರಿ, ಬಾಡಿಗೆ, ಗಿರಾಕಿ ಬರುವವರೆಗಿನ ಕಾಯುವಿಕೆ ಎಲ್ಲ ಅವನದಾದುದರಿಂದ ಅದನ್ನು ಅನ್ಯಾಯವೆನ್ನಲೂ ಬರುವುದಿಲ್ಲ. ಪಾಲುಗಾರರಲ್ಲಿ ಜಗಳ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ: ಒಬ್ಬನ ಮನಸ್ಸಿನಲ್ಲಿ ವಿಮೆಯ ಬೆಲೆ, ಇನ್ನೊಬ್ಬನ ಕೈಯಲ್ಲಿ ವ್ಯಾಪಾರಿಯ ಬೆಲೆ.

1900ರ ಆಚೀಚಿನ ಸಾಮಾನ್ಯ ಸ್ಯಾಕ್ಸನಿ ಪಿಟೀಲು, ಬಿರುಕಿಲ್ಲದೆ ನುಡಿಸುವ ಸ್ಥಿತಿಯಲ್ಲಿದ್ದರೆ, ಪಶ್ಚಿಮದ ಪೇಟೆಯಲ್ಲಿ ಕೆಲವು ನೂರು ಡಾಲರಿನಿಂದ ಒಂದೆರಡು ಸಾವಿರ ಡಾಲರಿನವರೆಗೆ ಬೆಲೆಬಾಳುತ್ತದೆ. ಹೆಸರುವಾಸಿ ಕರ್ಮಿಯ ಸ್ವಂತ ಕೆಲಸವೆಂದು ಸಿದ್ಧವಾದರೆ ಹತ್ತುಪಟ್ಟು, ಅದಕ್ಕೂ ಮೇಲೆ. ಮೇಲ್ಹಲಗೆಯ ಬಿರುಕು ಚೆನ್ನಾಗಿ ರಿಪೇರಿಯಾಗಿದ್ದರೆ ಅಷ್ಟು ಭಯವಿಲ್ಲ; ಹಿಂಬದಿಯ ಹಲಗೆಯಲ್ಲಿ ಸೌಂಡ್ ಪೋಸ್ಟ್ ಊರಿದ ಜಾಗದಲ್ಲೇ ಬಿರುಕಿದ್ದರೆ ಬೆಲೆ ಬಹಳ ಇಳಿಯುತ್ತದೆ. ಹುಳು ತಿಂದ ತೂತುಗಳೂ ಹಾಗೆಯೇ. ಕುಳಿತು, ಬಲಗಾಲಿನ ಹರಡಿನ ಮೇಲೆ ಸುರುಳಿಯನ್ನು ಊರಿ ನುಡಿಸುವ ನಮ್ಮ ಪದ್ಧತಿಯಿಂದ ಸುರುಳಿಯ ಅಂಚು ಸವೆದಿರುವುದನ್ನು ಪರದೇಶದ ಪರೀಕ್ಷಕರು ದೋಷವೆಂದು ಬರೆಯುತ್ತಾರೆ. ನನಗಾದರೋ ಆ ಸವೆತವನ್ನು ಕಂಡರೆ ಗೌರವ ಬರುತ್ತದೆ. ಆದರೆ ಗೌರವಕ್ಕೆ ಪೇಟೆಯಲ್ಲಿ ದರವಿಲ್ಲ.

ಅಥವಾ ಒಂದು ಸಂದರ್ಭದಲ್ಲಿ ದರವಿದೆ ಎನ್ನಬೇಕು. ಮೈಸೂರು ಚೌಡಯ್ಯನವರು ಸಭೆಯ ಕೊನೆಯವರೆಗೂ ನಾದ ಕೇಳಲೆಂದು ಮೂರು ತಂತಿಗಳನ್ನು ಹೆಚ್ಚಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಅದಕ್ಕಾಗಿ ಹೆಚ್ಚು ಬಿರಡೆಗಳ ತೂತು ಕೊರೆದ ವಾದ್ಯವನ್ನು ಪಶ್ಚಿಮದ ವರ್ತಕನು ಕೆಟ್ಟುಹೋದ ಪಿಟೀಲು ಎಂದು ಬದಿಗಿಡಬಹುದು. ಆದರೆ ಅದು ಬಲ್ಲ ವಿದ್ವಾಂಸರೊಬ್ಬರ ಕೈಯಲ್ಲಿ ಇದ್ದುದೆಂಬುದಕ್ಕೆ ದಾಖಲೆಯಿದ್ದರೆ ಸಂಗೀತದ ಇತಿಹಾಸಕ್ಕೆ ಅದು ಬೇಕಾದ ವಸ್ತು. ಆದುದರಿಂದ ಪೆಟ್ಟಿಗೆಯ ಜೇಬನ್ನು ಬರಿದುಮಾಡಿ ಕಸಕ್ಕೆ ಹಾಕಬೇಡಿ. ಕಚೇರಿಯ ಕರಪತ್ರ, ಆಕಾಶವಾಣಿಯ ಕಾಗದ, ಪಿಟೀಲು ಹಿಡಿದು ತೆಗೆಸಿದ ಭಾವಚಿತ್ರ, ಮದರಾಸಿನ ಮಿಸ್ಕ್ವಿತ್ ಅಥವಾ ಮುಂಬಯಿಯ ಫುರ್ಟಾಡೋಸ್ ಅಂಥ ಹಳೆಯ ಅಂಗಡಿಯ ಚೀಟಿ, ಇವು ಒಳಗಿನ ಲ್ಯಾಟಿನ್ ಚೀಟಿಗಿಂತ ಸಾವಿರ ಪಾಲು ನಂಬತಕ್ಕವು.

ಮಾರುವ ಕ್ರಮ. ಮುಂದೆ, ಹಿಂದೆ, ಎರಡು ಪಕ್ಕ, ಸುರುಳಿಯ ನಾಲ್ಕು ಮುಖ, ಚೀಟಿ, ಕಮಾನಿನ ತುದಿ ಮತ್ತು ಹಿಡಿ, ಇಷ್ಟರ ಚಿತ್ರ ತೆಗೆಯಿರಿ. ಹಿಂಬದಿಯ ಹಲಗೆಯ ಉದ್ದವನ್ನು ಬಟ್ಟೆಯ ಟೇಪಿನಿಂದ ಅಳೆದು ಬರೆಯಿರಿ; ಪೂರ್ಣ ಗಾತ್ರದ ಪಿಟೀಲಿಗೆ ಅದು ಸುಮಾರು 14 ಅಂಗುಲ. ಇವನ್ನು ನೋಡಿ ಅಭಿಪ್ರಾಯ ಹೇಳುವ ಹರಾಜಿನ ಸಂಸ್ಥೆಗಳು ಲಂಡನ್, ನ್ಯೂಯಾರ್ಕ್ ಮೊದಲಾದ ಕಡೆ ಇವೆ. ಇಲ್ಲಿ ತೋರಿಸುವುದಾದರೆ ಕೊಳ್ಳದವನಿಗೆ, ಶುಲ್ಕ ಕೊಟ್ಟು ತೋರಿಸಿ. ಬೆಲೆ ಕಟ್ಟುವವನೇ ಕೊಳ್ಳುವವನಾಗಬಾರದು. ಮಾರಿಕೊಡುತ್ತೇನೆಂದು ಯಾರಾದರೂ ಇಟ್ಟುಕೊಂಡರೆ ವಾದ್ಯ, ಕಮಾನು, ಪೆಟ್ಟಿಗೆ ಮೂರನ್ನೂ ಬೇರೆಬೇರೆ ಹೆಸರಿಸಿ, ಕನಿಷ್ಠ ಬೆಲೆ, ದಲ್ಲಾಳಿ, ಅವಧಿ ಬರೆಸಿ ರಶೀದಿ ಪಡೆಯಿರಿ.

ಪರದೇಶಕ್ಕೆ ಕಳುಹಿಸುವವರು ಇನ್ನೊಂದನ್ನು ನೆನಪಿಡಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾನೂನಿನ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ನಿಮ್ಮ ಪಿಟೀಲು ಆ ವರ್ಗಕ್ಕೆ ಸೇರಿದುದಲ್ಲವೆಂಬ ಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದಿದ್ದರೆ ಸುಂಕದ ಕಟ್ಟೆಯಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ. ಮಗ ಅಮೆರಿಕದಿಂದ ಬಂದಾಗ ಕೈಯಲ್ಲಿ ಕೊಟ್ಟು ಕಳುಹಿಸೋಣ ಎನ್ನುವವರಿಗೂ ಈ ಮಾತು ಅನ್ವಯಿಸುತ್ತದೆ.

ನಮ್ಮ ಹಿರಿಯರ ಪಿಟೀಲಿನ ಕಥೆ ಏನಾಯಿತೆಂದು ಕೇಳುವಿರಿ. ಮೂಲೆಗಳಲ್ಲಿ ಆಧಾರದ ತುಂಡುಗಳಿರಲಿಲ್ಲ. ದಿಮ್ಮಿ ಹಲಗೆಯಲ್ಲೇ ಕೆತ್ತಿದ್ದು. ಸುರುಳಿಯ ತೋಡು ಗಂಟಲಿನ ಬಳಿ ನಿಂತುಹೋಗಿತ್ತು. ಕಮಾನು ಸಾಧಾರಣದ್ದು. ನಾನು ಹೇಳಿದುದನ್ನು ಅಣ್ಣನವರು ಒಪ್ಪಲಿಲ್ಲ, ಒಪ್ಪಬೇಕಾದುದೂ ಇರಲಿಲ್ಲ. ಚಿತ್ರಗಳನ್ನು ಹರಾಜಿನವರಿಗೆ ಕಳುಹಿಸಿದರು. ಸ್ಯಾಕ್ಸನಿಯ ಕೆಲಸ, 1900ರ ಸುಮಾರಿನದು, ತಮ್ಮ ಹರಾಜಿಗೆ ತೆಗೆದುಕೊಳ್ಳುವ ತರಗತಿಯದಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಅಷ್ಟರಲ್ಲಿ ಅವರು ವಕೀಲರಿಗೆ ಕೊಟ್ಟಿದ್ದ ಹಣ ಪಿಟೀಲಿನ ಬೆಲೆಯನ್ನು ಮೀರಿತ್ತೆಂದು ತಮ್ಮನವರು ಹೇಳಿದರು. ನಾನು ಲೆಕ್ಕ ಕೇಳಲಿಲ್ಲ.

ಪೆಟ್ಟಿಗೆಯ ಜೇಬಿನಲ್ಲಿ ಅಜ್ಜನವರ ಕೈಬರಹದ ಒಂದು ಪಾಠದ ಪುಸ್ತಕವಿತ್ತು: ಸರಳೆ, ಜಂಟಿವರಸೆ, ಕೆಲವು ಗೀತೆಗಳು, ಪ್ರತಿಯೊಂದರ ಕೆಳಗೆ ಪಾಠ ಹೇಳಿಸಿಕೊಂಡ ಮಗುವಿನ ಹೆಸರು. ಒಂದೆಡೆ ಅವರ ತಾಯಿಯ ಹೆಸರೂ ಇತ್ತು. ಮೂರನೆಯ ಪಾಲುಗಾರರಾದ ತಂಗಿ, ಅಲ್ಲಿಯವರೆಗೆ ಬಾಯಿಬಿಡದೆ ಇದ್ದವರು, ತಮ್ಮ ಮಗಳು ಪಿಟೀಲು ಕಲಿಯುತ್ತಿದ್ದಾಳೆಂದೂ ಬಾಡಿಗೆಯ ವಾದ್ಯದಲ್ಲಿ ಅಭ್ಯಾಸಮಾಡುತ್ತಿದ್ದಾಳೆಂದೂ ಹೇಳಿದರು. ಬಿಟ್ಟಿದ್ದ ಅಂಚಿಗೆ ಮರವಜ್ರ ಹಾಕಿಸಿ, ಕುದುರೆ, ತಂತಿ, ಕಮಾನಿನ ಕೂದಲು ಬದಲಾಯಿಸಿದ ಖರ್ಚನ್ನು ಮೂವರೂ ಹಂಚಿಕೊಂಡರು. ರಿಪೇರಿಯವರು ಒಳಗಿನ ಚೀಟಿಯನ್ನು ತೆಗೆದುಬಿಡಲೇ ಎಂದು ಕೇಳಿದಾಗ ಅಣ್ಣನವರೇ, "ಇರಲಿ ಬಿಡಿ" ಎಂದರಂತೆ. ಬಿರಡೆಗಳು ಇನ್ನೂ ಜಾರುತ್ತವೆ; ದೀಪಾವಳಿಯ ರಜೆಯಲ್ಲಿ ಅವನ್ನೂ ಸರಿಮಾಡಿಸುವುದೆಂದು ಆಗಿದೆ.